ಬಂಪರ್ ಬಿಚ್ಚಿದ ಮೇಲೆಯೇ ಲೆಕ್ಕ

ಮೊಗ್ರಾಲ್ ದಾಟಿ ಕುಂಬಳೆಗೆ ಬರುವ ಹೆದ್ದಾರಿಯ ಸರ್ವಿಸ್ ರಸ್ತೆ. ಮುಂದೆ ನಿಂತಿದ್ದ ಪಿಕಪ್ಪು ಹಿಂದಕ್ಕೆ ಉರುಳಿ ಅದರ ಕಬ್ಬಿಣದ ಮೆಟ್ಟಿಲು ನನ್ನ ಹ್ಯಾಚ್‌ಬ್ಯಾಕಿನ ಎಡಮೂಲೆಗೆ ತಾಗಿತು. ಯಾರಿಗೂ ಏನೂ ಆಗಲಿಲ್ಲ. ಬಂಪರಿನ ಎಡತುದಿ ಫೆಂಡರಿನಿಂದ, ಅಂದರೆ ಚಕ್ರದ ಮೇಲಿನ ತಗಡಿನಿಂದ, ಕಳಚಿಕೊಂಡಿತು, ಫಾಗ್ ಲ್ಯಾಂಪಿನ ಕೆಳಗೆ ಗೇಣುದ್ದ ಸೀಳು, ಅದರ ಪಕ್ಕದಲ್ಲೊಂದು ಕುಳಿ. ನೋಡಲು ಇಷ್ಟೇ. ಇಂಥ ಸಣ್ಣ ಕೆಲಸಕ್ಕೆ ಕಾಸರಗೋಡಿನಲ್ಲಿ ಕೂತು ಏನೇನು ಮಾಡಬೇಕಾಗುತ್ತದೆ, ದುಡ್ಡು ಎಲ್ಲಿ ಸೋರುತ್ತದೆ ಎಂಬುದನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಫೋಟೊ. ಹತ್ತಿರದಿಂದ ಗೀರಿನ ಫೋಟೊ ತೆಗೆದರೆ ಸಾಲದು. ಎರಡೂ ವಾಹನಗಳ ನಂಬರ್ ಪ್ಲೇಟು ಒಂದೇ ಚಿತ್ರದಲ್ಲಿ ಬರುವಂತೆ ಒಂದು, ರಸ್ತೆಯ ಇಳಿಜಾರು ಕಾಣುವಂತೆ ದೂರದಿಂದ ಒಂದು, ಕಾರನ್ನು ಹಿಂದಕ್ಕೆ ತೆಗೆದ ಮೇಲೆ ಮುಂಭಾಗ ಪೂರ್ತಿ ಕಾಣುವಂತೆ ಒಂದು, ಓಡೋಮೀಟರಿನದ್ದು ಒಂದು. ಪಿಕಪ್ಪಿನ ಚಾಲಕ ಅಲ್ಲೇ ಎರಡು ಸಾವಿರ ರೂಪಾಯಿ ಕೊಟ್ಟು ಮುಗಿಸೋಣ ಎಂದರು. ಅವರ ಫೋನ್ ನಂಬರ್, ಲೈಸೆನ್ಸಿನ ಮತ್ತು ವಿಮೆಯ ಫೋಟೊ ತೆಗೆದುಕೊಂಡು, "ಬಂಪರ್ ಬಿಚ್ಚಿ ನೋಡಿ ಹೇಳ್ತೇನೆ ಅಣ್ಣ" ಎಂದೆ. ಸ್ಥಳದಲ್ಲೇ ಹಣ ಪಡೆದು "ರಾಜಿಯಾಗಿದೆ, ಇನ್ನೇನೂ ಬಾಕಿಯಿಲ್ಲ" ಎಂದು ಬರೆದುಕೊಟ್ಟರೆ, ಆಮೇಲೆ ಸ್ವಂತ ವಿಮೆಗೆ ಕ್ಲೇಮ್ ಹಾಕುವಾಗ ಅದೇ ಚೀಟಿ ತಕರಾರಿಗೆ ಕಾರಣವಾಗುತ್ತದೆ.

ಇಲ್ಲಿ ಹೆಚ್ಚಿನವರು ಕೇಳುವುದು, "ಅವನದೇ ತಪ್ಪಲ್ವಾ, ಅವನ ವಿಮೆಯಿಂದ ಬರುವುದಿಲ್ವಾ?" ಎಂದು. ಕಾನೂನಿನಲ್ಲಿ ದಾರಿ ಇದೆ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಇನ್ನೊಬ್ಬರ ಸೊತ್ತಿಗಾದ ಹಾನಿಗೆ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಆದರೆ ಅದನ್ನು ಪಡೆಯಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ. ಬಂಪರಿಗಾಗಿ ವಕೀಲರನ್ನು ಹಿಡಿಯುವವರು ಯಾರು? ಹಾಗಾಗಿ ಉಳಿಯುವುದು ಎರಡೇ: ನಮ್ಮದೇ ಪಾಲಿಸಿಯಲ್ಲಿ ಸ್ವಂತ ಕಾರಿನ ಹಾನಿಗೆ ಇರುವ ಭಾಗ, ಅಂದರೆ ಓನ್ ಡ್ಯಾಮೇಜ್, ಇಲ್ಲವೇ ಕೈಯಿಂದ ಹಣ. ಬರೇ ಥರ್ಡ್ ಪಾರ್ಟಿ ಪಾಲಿಸಿ ಇರುವವರಿಗೆ ಮೊದಲನೆಯದೂ ಇಲ್ಲ.

ಅಲ್ಲಿಂದ ಕಾರು ಓಡಿಸಿಕೊಂಡು ಬರಬಹುದೇ ಎಂದು ನೋಡಬೇಕಾದದ್ದು ಇಷ್ಟು. ಇಂಜಿನ್ ಚಾಲೂ ಇಟ್ಟು ಅಡಿಯಲ್ಲಿ ಬಗ್ಗಿ ನೋಡಿ. ಹಸಿರು ಅಥವಾ ಕೆಂಪು ಬಣ್ಣದ ನೀರು ಹನಿಯುತ್ತಿದ್ದರೆ ಅದು ಇಂಜಿನ್ ತಣಿಸುವ ಕೂಲೆಂಟ್, ಓಡಿಸಬಾರದು. ಏಸಿಯ ಬರೇ ನೀರಾದರೆ ಭಯವಿಲ್ಲ. ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಟಯರಿಗೆ ಉಜ್ಜುತ್ತದೆಯೇ ನೋಡಿ. ಹಾರ್ನ್ ಒತ್ತಿ, ಅನೇಕ ಕಾರುಗಳಲ್ಲಿ ಅದು ಬಂಪರಿನ ಹಿಂದೆಯೇ ಇರುತ್ತದೆ. ಬಾನೆಟ್ ಸರಿಯಾಗಿ ತೆರೆದು ಮುಚ್ಚಬೇಕು. ಜೋತುಬಿದ್ದ ತುದಿಯನ್ನು ಕೇಬಲ್ ಟೈಯಿಂದ ಬಿಗಿದರೆ ಮನೆವರೆಗೆ ಬರುತ್ತದೆ. ಗಮ್‌ಟೇಪು ಮಳೆಗೆ ನಿಲ್ಲುವುದಿಲ್ಲ, ಬಿಸಿಲಿಗೆ ಅದರ ಅಂಟು ಪೈಂಟಿನ ಮೇಲೆ ಉಳಿಯುತ್ತದೆ.

ಕೇರಳದಲ್ಲಿ ವಿಮೆಯವರು ಸಾಮಾನ್ಯವಾಗಿ ಕೇಳುವ ಕಾಗದ ಜಿಡಿ ಎಂಟ್ರಿ, ಅಂದರೆ ಠಾಣೆಯ ಜನರಲ್ ಡೈರಿಯಲ್ಲಿ ಅಪಘಾತ ದಾಖಲಾದದ್ದರ ಪ್ರತಿ. ಎಫ್‌ಐಆರ್ ಬೇರೆ, ಇದು ಬೇರೆ. ಯಾರಿಗೂ ಗಾಯವಾಗದ ಇಂಥ ಪ್ರಕರಣಕ್ಕೆ ಇದು ಸಾಕು. ಕೇರಳ ಪೊಲೀಸರ ಪೋಲ್ ಆ್ಯಪಿನಲ್ಲಿ ಅಥವಾ ತುಣ ಪೋರ್ಟಲಿನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಘಟನೆ ನಡೆದ ಜಾಗ ಯಾವ ಠಾಣೆಯ ವ್ಯಾಪ್ತಿಯದ್ದು ಎಂದು ಖಚಿತ ಮಾಡಿಕೊಂಡೇ ಹಾಕಿ. ಹೆದ್ದಾರಿಯಲ್ಲಿ ಒಂದು ಸೇತುವೆ ದಾಟಿದರೆ ಠಾಣೆ ಬದಲಾಗಬಹುದು, ಅರ್ಜಿ ತಪ್ಪು ಠಾಣೆಗೆ ಹೋದರೆ ಸುಮ್ಮನೆ ಕಾಯಬೇಕಾಗುತ್ತದೆ. ನನಗೆ ಬಂದ ಪ್ರತಿ ಮಲಯಾಳದಲ್ಲಿತ್ತು. ಕಾಸರಗೋಡಿನಲ್ಲಿ ತೊಂದರೆಯಿಲ್ಲ, ಆದರೆ ನಮ್ಮಲ್ಲಿ ಅನೇಕರು ಕಾರಿನ ಕೆಲಸಕ್ಕೆ ಹೋಗುವುದು ಮಂಗಳೂರಿಗೆ. ತಲಪಾಡಿ ದಾಟಿದ ಮೇಲೆ ಅದನ್ನು ಓದಬಲ್ಲವರು ಎಲ್ಲ ಮೇಜಿನಲ್ಲೂ ಸಿಗುವುದಿಲ್ಲ. ದಿನಾಂಕ, ಸಮಯ, ಸ್ಥಳ, ಎರಡೂ ವಾಹನಗಳ ಸಂಖ್ಯೆ, ಜಿಡಿ ನಂಬರ್ ಇಷ್ಟನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಒಂದು ಹಾಳೆಯಲ್ಲಿ ಬರೆದು ಜೊತೆಗೆ ಲಗತ್ತಿಸಿ. ಪಾಲಿಸಿಗೆ ರಾಜ್ಯದ ಗಡಿ ಇಲ್ಲ. ಕೇರಳ ನೋಂದಣಿಯ ಕಾರಿಗೆ ಮಂಗಳೂರಿನ ಕ್ಯಾಶ್‌ಲೆಸ್ (ವಿಮೆಯವರು ತಮ್ಮ ಪಾಲನ್ನು ನೇರ ಕೊಡುವ) ವರ್ಕ್‌ಶಾಪಿನಲ್ಲಿ ಕೆಲಸ ಮಾಡಿಸಲು ಅಡ್ಡಿಯಿಲ್ಲ.

ಮೊದಲು ಎಸ್ಟಿಮೇಟ್ ತೆಗೆದೆ. ಮಂಗಳೂರಿನ ಕಂಪೆನಿ ವರ್ಕ್‌ಶಾಪಿನಲ್ಲಿ ಹೊರಗಿನಿಂದ ನೋಡಿಯೇ ಪಟ್ಟಿ ಬರೆದರು. ಹೊಸ ಬಂಪರ್ ಕವರ್ 2,900, ಕೆಳಗಿನ ಗ್ರಿಲ್ 650, ಎರಡು ಸೈಡ್ ಬ್ರಾಕೆಟ್ 280, ಫಾಗ್ ಲ್ಯಾಂಪಿನ ಸುತ್ತಿನ ಬೆಜೆಲ್ 340, ಕ್ಲಿಪ್ಪು ಸ್ಕ್ರೂ ಎಂದು 230, ಪೈಂಟಿಂಗ್ 4,200, ಬಿಚ್ಚಿ ಕೂರಿಸುವ ಕೂಲಿ 900. ತೆರಿಗೆ ಸೇರಿ ಒಟ್ಟು 9,500. ಶೋರೂಮಿನಿಂದ ಬರುವ ಬಂಪರ್ ಕವರಿಗೆ ಬಣ್ಣ ಇರುವುದಿಲ್ಲ, ಕಪ್ಪು ಅಥವಾ ಪ್ರೈಮರ್ ಬಣ್ಣದಲ್ಲಿ ಬರುತ್ತದೆ. "ಬಂಪರಿಗೆ ಮೂರು ಸಾವಿರವಂತೆ" ಎಂದು ಕೇಳಿ ಹೋದವರು ಬಿಲ್ ನೋಡಿ ಬೆಚ್ಚುವುದು ಇದಕ್ಕೇ.

ಈಗ ಕ್ಲೇಮ್ ಹಾಕಬೇಕೇ ಬೇಡವೇ ಎಂಬ ಲೆಕ್ಕ. ಇದನ್ನು ಯಾರೂ ನಿಮಗಾಗಿ ಮಾಡಿಕೊಡುವುದಿಲ್ಲ. ವರ್ಕ್‌ಶಾಪಿನವರಿಗಂತೂ ಕ್ಲೇಮ್ ಆದರೇ ಅನುಕೂಲ. ಝೀರೋ ಡೆಪ್, ಅಂದರೆ ಸವಕಳಿ ಕಳೆಯದ ರಕ್ಷಣೆ, ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಕಾರಿನ ವಯಸ್ಸು ಎಷ್ಟೇ ಇರಲಿ 50% ಸವಕಳಿ ಕಳೆಯುತ್ತಾರೆ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಕ್ಕೆ ವಯಸ್ಸಿನ ಮೇಲೆ: ಮೊದಲ ಆರು ತಿಂಗಳು ಏನೂ ಇಲ್ಲ, ಐದನೆಯ ವರ್ಷದಲ್ಲಿ 35%, ಹತ್ತು ದಾಟಿದರೆ 50%. ಪೈಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿಯ ವೆಚ್ಚವೆಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಕೊನೆಗೆ ಕಡ್ಡಾಯವಾಗಿ ನಮ್ಮ ಕೈಯಿಂದ ಹೋಗುವ ಮೊತ್ತ, 1,500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000.

ಮೇಲಿನ ಪಟ್ಟಿಗೆ ಇದನ್ನು ಹಚ್ಚಿ ನೋಡಿ. ಬಿಡಿಭಾಗ 4,400ರಲ್ಲಿ 2,200 ಹೋಯಿತು. ಪೈಂಟಿನಲ್ಲಿ 525 ಹೋಯಿತು. ಮತ್ತೆ 1,000. ವಿಮಾ ಕಂಪೆನಿ ಕೊಡುವುದು 5,775, ನಮ್ಮ ಕೈಯಿಂದ 3,725.

ಇನ್ನು ಕಾಣದ ಖರ್ಚು, ನೋ ಕ್ಲೇಮ್ ಬೋನಸ್, ಅಂದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಅದು ಕ್ಲೇಮ್ ಇಲ್ಲದ ವರ್ಷಗಳಿಗೆ ತಕ್ಕಂತೆ 20, 25, 35, 45, 50% ಎಂದು ಏರುತ್ತಾ ಹೋಗುತ್ತದೆ. ನಾನಿದ್ದದ್ದು 45ರಲ್ಲಿ. ಕ್ಲೇಮ್ ಹಾಕದಿದ್ದರೆ ಮುಂದಿನ ವರ್ಷದಿಂದ 50. ಹಾಕಿದರೆ ಸೊನ್ನೆಗೆ ಇಳಿದು ಮತ್ತೆ ಬುಡದಿಂದ ಹತ್ತಬೇಕು. ಪ್ರತಿ ವರ್ಷ ಕೈತಪ್ಪುವ ರಿಯಾಯಿತಿ 50, 30, 25, 15, 5. ಕೂಡಿದರೆ 125%. ರಿಯಾಯಿತಿಗೆ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 6,000 ಎಂದಿಟ್ಟುಕೊಂಡರೆ 7,500, ಅದರ ಮೇಲೆ 18% ಜಿಎಸ್‌ಟಿ ಸೇರಿ 8,850. ಕಾರಿನ ವಿಮಾ ಮೌಲ್ಯ ವರ್ಷವರ್ಷ ಇಳಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಆದರೂ 5,775 ಪಡೆಯಲು ಅದಕ್ಕಿಂತ ಹೆಚ್ಚು ಕಳೆದುಕೊಂಡಂತಾಯಿತು. ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ (ಆ್ಯಡ್ ಆನ್) ಇದ್ದರೆ, ಅಥವಾ ಬೋನಸ್ ಇನ್ನೂ 20ರಲ್ಲೇ ಇದ್ದು ಝೀರೋ ಡೆಪ್ ಇದ್ದರೆ, ಲೆಕ್ಕ ತಿರುಗುತ್ತದೆ. ನಿಮ್ಮ ಪಾಲಿಸಿ ಕೈಯಲ್ಲಿ ಹಿಡಿದು ಮಾಡಿ.

ಈ ಲೆಕ್ಕವೂ ಅರ್ಧ ಸತ್ಯ. ಹೊರಗೆ ಕಾಣುವುದು ಬರೇ ಕವರ್, ಒಳಗೆ ಏನಾಗಿದೆ ಎಂಬುದು ಬಿಚ್ಚಿದಾಗಲೇ ಗೊತ್ತಾಗುವುದು. ಈ ಪ್ಲಾಸ್ಟಿಕ್ ಒತ್ತಿದರೆ ಬಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಒಳಗಿನ ಲೋಹ ಹಾಗೆ ಬರುವುದಿಲ್ಲ. ಇಡೀ ರಿಪೇರಿಯಲ್ಲಿ ನಾನು ಪಟ್ಟು ಹಿಡಿದು ಕೇಳಿದ್ದು ಇದೊಂದನ್ನೇ: ಮೊದಲು ಬಿಚ್ಚಿ ತೋರಿಸಿ, ಆಮೇಲೆ ಮಾತು. ಮಂಗಳೂರಿನಲ್ಲಿ ಕ್ಲೇಮ್ ದಾಖಲಾಗದೆ ಬಿಚ್ಚುವುದಿಲ್ಲ ಎಂದರು. ವಿದ್ಯಾನಗರದ ಹತ್ತಿರದ ಗ್ಯಾರೇಜಿನಲ್ಲಿ ಬಿಚ್ಚಿ ನೋಡಲು ಮುನ್ನೂರು ರೂಪಾಯಿ, ಕೆಲಸ ಅಲ್ಲೇ ಮಾಡಿಸಿದರೆ ಅದು ಕೂಲಿಯಲ್ಲೇ ಸೇರುತ್ತದೆ ಎಂದರು. ಆದರೆ ಇದಕ್ಕೆ ವಾರಗಟ್ಟಲೆ ತೆಗೆದುಕೊಳ್ಳುವಂತಿಲ್ಲ. ಅಪಘಾತವನ್ನು ವಿಮಾ ಕಂಪೆನಿಗೆ ಕೂಡಲೇ ತಿಳಿಸಬೇಕೆಂಬುದು ಪಾಲಿಸಿಯ ಷರತ್ತು, ಮತ್ತು ಹಾನಿ ಅಳೆಯಲು ವಿಮೆಯವರು ಕಳಿಸುವ ಸರ್ವೇಯರ್ ನೋಡುವ ಮೊದಲು ರಿಪೇರಿ ಶುರುಮಾಡಿದರೆ ಕ್ಲೇಮ್ ಬಿದ್ದುಹೋಗಬಹುದು. ಬಿಚ್ಚಿ ನೋಡಿ, ಪ್ರತಿ ಹಂತದಲ್ಲೂ ಫೋಟೊ ತೆಗೆದು, ಏನನ್ನೂ ಮುಟ್ಟದೆ ಮತ್ತೆ ಸಿಕ್ಕಿಸಿಟ್ಟರೆ ಎರಡೂ ದಾರಿ ತೆರೆದಿರುತ್ತವೆ.

ಬಿಚ್ಚಿದಾಗ ನೋಡಬೇಕಾದದ್ದು ಹೊರಗಿನಿಂದ ಒಳಕ್ಕೆ ಹೀಗೆ. ಫೆಂಡರಿಗೆ ಬಂಪರ್ ಕೂರುವ ಸೈಡ್ ಬ್ರಾಕೆಟ್: ಸಣ್ಣ ಪ್ಲಾಸ್ಟಿಕ್ ಪಟ್ಟಿ, ಮೂಲೆಗೆ ತಾಗಿದರೆ ಮೊದಲು ಮುರಿಯುವುದು ಇದೇ. ಹೆಡ್‌ಲ್ಯಾಂಪಿನ ಕಿವಿಗಳು: ಲ್ಯಾಂಪ್ ಚೆನ್ನಾಗಿದ್ದರೂ ಅದನ್ನು ಹಿಡಿದಿಡುವ ಕಿವಿ ಮುರಿದಿದ್ದರೆ ರಾತ್ರಿ ಬೆಳಕು ನಡುಗುತ್ತದೆ. ಕವರಿನ ಹಿಂದಿನ ಅಬ್ಸಾರ್ಬರ್, ಥರ್ಮೋಕೋಲಿನಂಥ ಫೋಮ್. ಅದರ ಹಿಂದೆ ಅಡ್ಡಲಾಗಿ ಇರುವ ಉಕ್ಕಿನ ಬೀಮ್. ಇದು ಬಗ್ಗಿದ್ದರೆ ತಟ್ಟಿ ನೇರ ಮಾಡಿಸಬಾರದು, ಬದಲಿಸಲೇಬೇಕು. ಕೊನೆಗೆ ಏಸಿಯ ಗ್ಯಾಸ್ ತಣಿಸುವ ಕಂಡೆನ್ಸರ್, ಇಂಜಿನಿನ ಕೂಲೆಂಟ್ ತಣಿಸುವ ರೇಡಿಯೇಟರ್. ಕಂಡೆನ್ಸರಿನ ರೆಕ್ಕೆ ಮಡಚಿದ್ದರೆ ಬಾಚಿ ಸರಿಮಾಡಬಹುದು. ಆದರೆ ಅದರ ಮೇಲೆ ಎಣ್ಣೆಯ ಪಸೆ ಕಂಡರೆ ಗ್ಯಾಸ್ ಸೋರಿದೆ ಎಂದೇ ಅರ್ಥ. ಆಗ ಖರ್ಚು ಹಲವು ಸಾವಿರ ಏರುತ್ತದೆ, ಕ್ಲೇಮ್ ಹಾಕುವುದೇ ಲಾಭ. ಏರ್‌ಬ್ಯಾಗಿನ ಮುಂಬದಿ ಸೆನ್ಸಾರ್ ಇರುವ ಕಾರಿನಲ್ಲಿ ಅದರ ಬುಡ ಅಲುಗಿದೆಯೇ ಎಂದೂ ನೋಡಿ, ವಯರ್ ಎಳೆಯುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿಸಿ.

ನನ್ನ ಕಾರಿನಲ್ಲಿ ಎಡ ಬ್ರಾಕೆಟ್ ಮುರಿದಿತ್ತು, ಫೋಮ್ ಒಡೆದಿತ್ತು, ಎಡ ಹೆಡ್‌ಲ್ಯಾಂಪಿನ ಒಂದು ಕಿವಿ ಹೋಗಿತ್ತು. ಮಂಗಳೂರಿನ ಪಟ್ಟಿಯಲ್ಲಿ ಫೋಮೂ ಇರಲಿಲ್ಲ, ಕಿವಿಯೂ ಇರಲಿಲ್ಲ. ಅದೇ ವೇಳೆ ಅವರು ಬರೆದಿದ್ದ ಬಲಗಡೆಯ ಬ್ರಾಕೆಟಿಗೂ ಕೆಳಗಿನ ಗ್ರಿಲ್ಲಿಗೂ ಏನೂ ಆಗಿರಲಿಲ್ಲ. ಬೀಮ್, ಕಂಡೆನ್ಸರ್ ಸರಿ. ಕ್ಲೇಮ್ ಬೇಡ ಎಂದು ಅಲ್ಲೇ ನಿರ್ಧಾರವಾಯಿತು. ಹೆಡ್‌ಲ್ಯಾಂಪಿನ ಕಿವಿಗೆ ಕೆಲವು ಮಾದರಿಗಳಲ್ಲಿ ಕಾರಿನ ಕಂಪೆನಿಯೇ ರಿಪೇರಿ ಬ್ರಾಕೆಟ್ ಮಾರುತ್ತದೆ, ಸ್ಕ್ರೂ ಹಾಕಿ ಕೂರಿಸುವಂಥದ್ದು. ಕೇಳದಿದ್ದರೆ ಇಡೀ ಲ್ಯಾಂಪನ್ನೇ ಬರೆದುಬಿಡುತ್ತಾರೆ.

ಹೊಸ ಕವರೋ ಹಳೆಯದನ್ನೇ ವೆಲ್ಡ್ ಮಾಡಿಸುವುದೋ? ಸೀಳು ಬಯಲು ಜಾಗದಲ್ಲಿದ್ದು ತುಂಡು ಕಾಣೆಯಾಗದಿದ್ದರೆ ವೆಲ್ಡ್ ಸಾಕು. ಬೋಲ್ಟ್ ಕೂರುವ ಅಂಚೇ ಹರಿದಿದ್ದರೆ, ಎರಡು ಮೂರು ಕಡೆ ಒಡೆದಿದ್ದರೆ, ಅಥವಾ ಬಂಪರಿನ ಹಿಂದೆ ಮುಂದಿನ ವಾಹನವನ್ನು ಗುರುತಿಸುವ ರೇಡಾರ್ ಇರುವ ಹೊಸ ಕಾರಾದರೆ ವೆಲ್ಡ್ ಬೇಡ. ಪುಟ್ಟಿ ಮತ್ತು ದಪ್ಪ ಪೈಂಟು ರೇಡಾರಿಗೆ ಅಡ್ಡ ಬರುತ್ತದೆ. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ನಕಲಿ ಕವರಿನ ಬಗ್ಗೆ ನನ್ನದು ಕಡ್ಡಿ ಮುರಿದ ಅಭಿಪ್ರಾಯ: ಅದಕ್ಕಿಂತ ವೆಲ್ಡ್ ಮಾಡಿದ ಅಸಲಿ ಮೇಲು. ನಕಲಿಯ ತೂತುಗಳು ಸಾಲಿಗೆ ಬರುವುದಿಲ್ಲ, ಫೆಂಡರಿನ ಹತ್ತಿರ ಸಂದು ಬಿಟ್ಟುಕೊಂಡೇ ಇರುತ್ತದೆ.

ವೆಲ್ಡ್ ಮಾಡುವ ಮೊದಲು ಕವರಿನ ಒಳಮೈಯಲ್ಲಿ ಅಚ್ಚಾಗಿರುವ ಗುರುತು ಓದಿಸಿ. ಹೆಚ್ಚಿನದರಲ್ಲಿ ಪಿಪಿ ಪ್ಲಸ್ ಇಪಿಡಿಎಂ ಎಂದಿರುತ್ತದೆ, ಅಂದರೆ ರಬ್ಬರ್ ಬೆರೆಸಿದ ಪಾಲಿಪ್ರೊಪಿಲೀನ್. ಇದಕ್ಕೆ ಪಿಪಿ ಕಡ್ಡಿಯೇ ಬೇಕು, ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕಿನ ಕಡ್ಡಿ ಕರಗಿ ಮೇಲೆ ಕೂತರೂ ಬೆಸೆಯುವುದಿಲ್ಲ. ಫೆವಿಕ್ವಿಕ್, ಅರಾಲ್ಡೈಟ್ ಈ ಪ್ಲಾಸ್ಟಿಕನ್ನು ಹಿಡಿಯುವುದಿಲ್ಲ, ನಾಲ್ಕು ಹಂಪ್ ಹಾರಿದರೆ ಬಿಟ್ಟುಕೊಳ್ಳುತ್ತದೆ.

ಕೆಲಸ ನಡೆದ ಕ್ರಮ: ಸೋಪಿನ ನೀರಿನಲ್ಲಿ ತೊಳೆದು, ಕುಳಿಗೆ ಹಿಂದಿನಿಂದ ಬಿಸಿಗಾಳಿ ಕೊಟ್ಟು ಮರದ ಹಿಡಿಯಿಂದ ಒತ್ತಿ, ಮೊದಲಿನ ಆಕಾರಕ್ಕೆ ಬಂದ ಕೂಡಲೇ ಒದ್ದೆಬಟ್ಟೆ ಹಾಕಿದರು. ಸೀಳಿನ ಕೊನೆಯಲ್ಲಿ 3 ಮಿಲಿಮೀಟರಿನ ತೂತು ಕೊರೆದರು. ಇದಿಲ್ಲದಿದ್ದರೆ ಸೀಳು ಪೈಂಟಿನ ಅಡಿಯಲ್ಲೇ ಮುಂದೆ ಓಡುತ್ತದೆ. ಒಳಮೈಯಲ್ಲಿ ಬೆರಳಗಲಕ್ಕೊಂದರಂತೆ ಹಾಟ್ ಸ್ಟೇಪ್ಲರಿನಿಂದ ತಂತಿ ಕೊಕ್ಕೆ ಇಳಿಸಿದರು. ಆಮೇಲೆ ಸೀಳಿನುದ್ದಕ್ಕೂ ವಿ ಆಕಾರದ ಚಾಲು ಕೊರೆದು, ಸುಮಾರು 300 ಡಿಗ್ರಿಯ ಬಿಸಿಗಾಳಿಯಲ್ಲಿ ಪಿಪಿ ಕಡ್ಡಿ ತುಂಬಿದರು. ಕವರಿನ ದಪ್ಪವೇ ಸುಮಾರು 3 ಮಿಲಿಮೀಟರ್, ಚಾಲು ಅರ್ಧಕ್ಕಿಂತ ಆಳ ಹೋದರೆ ಆಚೆ ಬದಿ ಸುಕ್ಕಾಗುತ್ತದೆ. ಮೊದಲು ಒಳಬದಿ, ಪೂರ್ತಿ ತಣಿದ ಮೇಲೆ ಹೊರಬದಿ.

ಪುಟ್ಟಿ ಹಾಕುವಾಗ ಅಲ್ಲೇ ನಿಂತಿರಿ. ತಗಡಿಗೆ ಹಾಕುವ ಮಾಮೂಲಿ ಪುಟ್ಟಿ ಒಣಗಿದ ಮೇಲೆ ಗಟ್ಟಿ, ಬಂಪರ್ ಬಗ್ಗಿದಾಗ ಚಕ್ಕೆ ಏಳುತ್ತದೆ. ಪ್ಲಾಸ್ಟಿಕಿಗೆಂದೇ ಬಗ್ಗುವ ಪುಟ್ಟಿ ಸಿಗುತ್ತದೆ, ಅದನ್ನೂ ತೆಳ್ಳಗೆ ಎಳೆಯಬೇಕು. ಉಜ್ಜಲು 180, 320, ಕೊನೆಗೆ 600 ನಂಬರಿನ ಪೇಪರ್. ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವ ಹೆಜ್ಜೆ ಪ್ಲಾಸ್ಟಿಕ್ ಪ್ರೈಮರ್. ಬರೇ ಪಿಪಿಯ ಮೇಲೆ ಪೈಂಟು ಕಚ್ಚುವುದಿಲ್ಲ. ಬಣ್ಣ ಹೋದ ಜಾಗಕ್ಕೆಲ್ಲ ಇದನ್ನು ತೆಳ್ಳಗೆ ಒಂದು ಕೈ ಹೊಡೆದು, ಡಬ್ಬಿಯ ಮೇಲೆ ಹೇಳಿದ ಸಮಯದೊಳಗೆ ಮುಂದಿನ ಪದರ ಹಾಕಬೇಕು. ಕಾರ್ ವಾಷಿನಲ್ಲಿ ಪೈಪಿನ ನೀರು ಬಿಟ್ಟಾಗ ಹಾಳೆಹಾಳೆಯಾಗಿ ಎದ್ದುಬರುವ ಬಂಪರ್ ಪೈಂಟು ನೋಡಿರಬಹುದು. ಹೆಚ್ಚಾಗಿ ಅದು ಈ ಪ್ರೈಮರ್ ಹಾಕದೆ ಬಿಟ್ಟದ್ದರ ಫಲ.

ಬಣ್ಣದ ಕೋಡು ಕಾರಿನ ಮೇಲಿನ ಪಟ್ಟಿಯಲ್ಲಿರುತ್ತದೆ, ಬಾನೆಟಿನ ಒಳಗೋ ಬಾಗಿಲಿನ ಕಂಬದಲ್ಲೋ. ಕೋಡ್ ಒಂದೇ ಆದರೂ ಬಿಸಿಲಿಗೆ ಮಾಸಿದ ಕಾರಿಗೆ ಅದೇ ಬಣ್ಣ ಕೂರಬೇಕೆಂದಿಲ್ಲ. ಸಿಲ್ವರ್ ಮತ್ತು ಮುತ್ತಿನ ಬಿಳಿಗಂತೂ ತುಂಡು ತಗಡಿನ ಮೇಲೆ ಹೊಡೆದು, ಒಣಗಿಸಿ, ಮೇಲಿನ ಪಾರದರ್ಶಕ ಪದರ (ಕ್ಲಿಯರ್) ಹಾಕಿ, ಹೊರಗಿನ ಬೆಳಕಿನಲ್ಲಿ ಫೆಂಡರಿನ ಪಕ್ಕ ಹಿಡಿದು ನೋಡಲೇಬೇಕು. ಎಡಮೂಲೆಗೆ ಮಾತ್ರ ಹೊಡೆದರೆ ಸಾಕು, ದುಡ್ಡು ಉಳಿಯುತ್ತದೆ ಎಂದು ಹೇಳುವವರಿದ್ದಾರೆ. ಒಪ್ಪಬೇಡಿ. ಇಡೀ ಬಂಪರಿಗೆ ಹೊಡೆದರೆ ಛಾಯೆಯ ವ್ಯತ್ಯಾಸ ಸಂದಿಯಲ್ಲಿ ಮುಚ್ಚಿಹೋಗುತ್ತದೆ, ಮಧ್ಯದಲ್ಲಿ ನಿಲ್ಲಿಸಿದರೆ ಗೆರೆ ಕಣ್ಣಿಗೆ ಕುಕ್ಕುತ್ತದೆ.

ಕಾದದ್ದು ಇಲ್ಲಿ. ಆಟಿ ತಿಂಗಳು, ಬಿಡದ ಮಳೆ. ಪೈಂಟರ್ ಹೇಳಿದ್ದು ಒಂದೇ ಮಾತು: "ಮಾಷೆ, ಇವತ್ತು ಹೊಡೆದ್ರೆ ಬೆಳ್ಳಗಾಗ್ತದೆ, ಬೆಯ್ಬೇಡಿ." ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ತಿನ್ನರ್ ಆವಿಯಾಗುತ್ತಾ ಮೇಲ್ಮೈ ತಣ್ಣಗಾಗಿ ನೀರಿನ ಪಸೆ ಕೂರುತ್ತದೆ, ಪೈಂಟು ಮಂಜು ಹಿಡಿದಂತೆ ಮಂಕಾಗುತ್ತದೆ. ಪೈಂಟು ಒಣಗಿಸುವ ಬಿಸಿ ಕೋಣೆ (ಬೂತ್) ಇರುವ ಕಡೆ ಮಳೆಗಾಲದ ಭಯವಿಲ್ಲ, 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಒಣಗುತ್ತದೆ. ಶೀಟಿನ ಮಾಡಿನ ಗ್ಯಾರೇಜಾದರೆ ಮಳೆ ಬಿಟ್ಟು ಹೊಳವು ಬರುವವರೆಗೆ ಕಾಯುವುದೇ ಸರಿ. ಅವಸರ ಮಾಡಿಸಿದರೆ ನಷ್ಟ ನಮಗೇ. ನಡುವೆ ಒಂದು ತೊಡಕು: ಬಣ್ಣದ ಪದರದ (ಬೇಸ್ ಕೋಟ್) ಮೊದಲ ಕೈಯಲ್ಲೇ ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಗುಳಿಗಳು ಎದ್ದವು. ಬಂಪರ್ ಹೊಳೆಯಲೆಂದು ಹಚ್ಚುವ ಸಿಲಿಕಾನ್ ಪಾಲಿಶಿನ ಅಂಶ ಉಜ್ಜಿದರೂ ಹೋಗದೆ ಉಳಿದಿತ್ತು. ಒಣಗಿಸಿ, ಉಜ್ಜಿ, ಸಿಲಿಕಾನ್ ತೆಗೆಯುವ ದ್ರವದಲ್ಲಿ ಒರೆಸಿ ಮತ್ತೆ ಹೊಡೆಯಬೇಕಾಯಿತು. ಈ ಒರೆಸುವ ಕೆಲಸ ಪೇಪರ್ ಮುಟ್ಟಿಸುವ ಮೊದಲೇ ಆಗಬೇಕು, ಇಲ್ಲದಿದ್ದರೆ ಜಿಡ್ಡು ಗೀರುಗಳ ಒಳಗೆ ಇಳಿಯುತ್ತದೆ.

ನಂಬರ್ ಪ್ಲೇಟಿನದ್ದು ಇನ್ನೊಂದು ಕಥೆ. 2019ರ ಏಪ್ರಿಲ್‌ನಿಂದ ತಯಾರಾದ ಕಾರುಗಳಿಗೆ ಹೈ ಸೆಕ್ಯುರಿಟಿ ಪ್ಲೇಟು. ಅದರ ಸ್ನ್ಯಾಪ್ ಲಾಕ್ ಒಮ್ಮೆ ಮಾತ್ರ ಕೂರುವಂಥದ್ದು, ತೆಗೆಯಬೇಕಾದರೆ ಕತ್ತರಿಸಬೇಕು. ಗ್ಯಾರೇಜಿನಲ್ಲಿ ಮಾಮೂಲಿ ಸ್ಕ್ರೂ ಹಾಕಿಕೊಡುತ್ತಾರೆ. ಹಾಗೆ ಬಿಡದೆ, ಆರ್‌ಸಿ ತೆಗೆದುಕೊಂಡು ಡೀಲರಲ್ಲಿ ಹೋಗಿ ಹೊಸ ಲಾಕ್ ಹಾಕಿಸಿ. ಇದೇ ಹೊತ್ತಿನಲ್ಲಿ "ಇನ್ನು ಮುಂದೆ ತಾಗದ ಹಾಗೆ" ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವ ಆಸೆ ಯಾರಾದರೂ ತೋರಿಸುತ್ತಾರೆ. ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲೇ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದೆ. ದಂಡದ ಮಾತು ಬಿಡಿ, ಗಾರ್ಡ್ ಪೆಟ್ಟನ್ನು ನೇರ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗಿನ ಲೆಕ್ಕಾಚಾರವನ್ನೂ ಕೆಡಿಸುತ್ತದೆ.

ಕೂರಿಸುವಾಗ ಮೊದಲು ವಯರ್ ಸಾಕೆಟ್‌ಗಳು, ಆಮೇಲೆ ಎರಡೂ ಬದಿಯನ್ನು ಬ್ರಾಕೆಟಿಗೆ ಸಿಕ್ಕಿಸುವುದು, ಮತ್ತೆ ಮೇಲಿನ ಬೋಲ್ಟು, ಕೊನೆಗೆ ಅಡಿಯ ಕ್ಲಿಪ್ಪು. ಬೋಲ್ಟು ಮೊದಲು ಬಿಗಿದರೆ ಬದಿ ಎಳೆದುಕೊಂಡು ನಿಲ್ಲುತ್ತದೆ. ಹಳೆಯ ಕ್ಲಿಪ್ಪು ಬೇಡ. ಕೆಲವೇ ರೂಪಾಯಿಯ ವಸ್ತು, ಸಡಿಲವಾದದ್ದನ್ನೇ ಹಾಕಿದರೆ ಅಡಿಯ ಶೀಲ್ಡ್ ಹೆದ್ದಾರಿಯಲ್ಲಿ ಕಳಚಿ ಬೀಳುತ್ತದೆ. ಗಾಡಿ ತೆಗೆದುಕೊಳ್ಳುವ ಮೊದಲು ಫಾಗ್ ಲ್ಯಾಂಪ್, ಇಂಡಿಕೇಟರ್, ಹಾರ್ನ್, ಏಸಿ ಎಲ್ಲ ಚಾಲೂ ಮಾಡಿ ನೋಡಿ. ಸಂಜೆ ಗೋಡೆಗೆ ಎದುರಾಗಿ ನಿಲ್ಲಿಸಿ ಎರಡೂ ಹೆಡ್‌ಲ್ಯಾಂಪಿನ ಬೆಳಕು ಒಂದೇ ಎತ್ತರದಲ್ಲಿದೆಯೇ ನೋಡಿ. ಫೆಂಡರ್ ಸಂದು ಎರಡೂ ಬದಿಯಲ್ಲಿ ಒಂದೇ ಅಗಲ ಇರಬೇಕು.

ಬಿಲ್ ಹೀಗೆ: ಫೋಮ್ 480, ಬ್ರಾಕೆಟ್ 140, ಬೆಜೆಲ್ 340, ಕ್ಲಿಪ್ಪುಗಳು 180, ಲ್ಯಾಂಪಿನ ಕಿವಿ 220, ವೆಲ್ಡಿಂಗ್ 1,300, ಪೈಂಟ್ 3,000, ಕೂಲಿ 600. ಒಟ್ಟು 6,260. ಬೆಜೆಲ್ ಇಲ್ಲಿ ಸಿಗದೆ ಮಂಗಳೂರಿನಿಂದ ತರಿಸಬೇಕಾಯಿತು, ಅದು ಬರುವವರೆಗೆ ಕಾರು ಒಕ್ಕಣ್ಣನಾಗಿ ಓಡಿತು. ಬಿಲ್ಲಿನ ಫೋಟೊ ಪಿಕಪ್ಪಿನ ಚಾಲಕರಿಗೆ ಕಳಿಸಿದೆ. ಒಂದಷ್ಟು ಚರ್ಚೆಯಾಗಿ ಮೂರು ಸಾವಿರ ಯುಪಿಐಯಲ್ಲಿ ಹಾಕಿದರು. ಸ್ಥಳದಲ್ಲೇ ಮುಗಿಸಿದ್ದರೆ ಎರಡು ಸಾವಿರ.

ಹೊಸ ಪೈಂಟಿಗೆ ಒಂದು ತಿಂಗಳು ವ್ಯಾಕ್ಸ್ ಬೇಡ, ಪ್ರೆಶರ್ ವಾಷ್ ಹತ್ತಿರದಿಂದ ಬೇಡ, ಹಕ್ಕಿ ಹಿಕ್ಕೆ ಬಿದ್ದರೆ ಅಂದೇ ತೊಳೆಯಿರಿ. ಬಿಲ್ಲನ್ನೂ ಬಿಚ್ಚಿದಾಗಿನ ಫೋಟೊಗಳನ್ನೂ ಅಳಿಸಬೇಡಿ. ರಿಪೇರಿ ಮುಗಿದ ಮೇಲೆ ಕಾರಿನ ನಾಲ್ಕೂ ಬದಿಯ ಫೋಟೊ ತಾರೀಕಿನ ಸಮೇತ ತೆಗೆದಿಡಿ. ಮುಂದೆ ಯಾವಾಗಲಾದರೂ ಇದೇ ಮೂಲೆಗೆ ದೊಡ್ಡ ಪೆಟ್ಟು ಬಿದ್ದು ಕ್ಲೇಮ್ ಹಾಕಬೇಕಾದರೆ, ಸರ್ವೇಯರ್ ಒಳಗಿನ ವೆಲ್ಡ್ ನೋಡಿ "ಹಳೆಯ ಹಾನಿ" ಎಂದು ಬರೆಯುವ ಸಾಧ್ಯತೆ ಇದೆ. ಆಗ ತೋರಿಸಲು ಇವು ಬೇಕಾಗುತ್ತವೆ.